ಯಾರೂ ಮುಟ್ಟಬಾರದ ವೆಬ್‌ಸೈಟ್

"ಸ್ಟ್ಯಾಟಿಕ್ ಬೇಕಾ ಸರ್, ಡೈನಮಿಕ್ ಬೇಕಾ?"

ಮೂಡಿಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ದಯಾನಂದ ಹೀಗೆ ಕೇಳಿದ್ದೇ ತಡ, ಗಂಗಾಧರಪ್ಪನವರು ಹುಬ್ಬು ಗಂಟಿಕ್ಕಿದರು. ಬಾಳೂರಿನ ಎಸ್ಟೇಟ್ ಮನೆಯಲ್ಲಿ ಎರಡು ಕೋಣೆಯ ಹೋಂಸ್ಟೇ ಮಾಡಬೇಕೆಂಬುದು ಹೆಂಡತಿ ಸರ್ವಮಂಗಳಾಳ ಆಸೆ. ಮದುವೆಯಾದ ಮೇಲೆ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಸುಣ್ಣ ಬಳಿಸಿ, ಹೊಸ ಹಾಸಿಗೆ ಹೊಲಿಸಿ, ಆ ಕೋಣೆಗಳ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಅದಕ್ಕೊಂದು ವೆಬ್‌ಸೈಟ್ ಮಾಡಿಸಲು ಈಗ ಇಬ್ಬರೂ ಬಂದಿದ್ದರು.

"ಸ್ಟ್ಯಾಟಿಕ್ ಅಂದ್ರೆ ನಾನು ಹಾಕಿದ್ದು ಹಾಗೇ ಇರ್ತದೆ. ಡೈನಮಿಕ್ ಆದ್ರೆ ಒಂದು ಪಾಸ್‌ವರ್ಡ್ ಕೊಡ್ತೀನಿ. ಯಾವತ್ತು ರೂಮು ಖಾಲಿ, ಊಟಕ್ಕೆ ಏನೇನು, ಎಲ್ಲಾ ಅಕ್ಕಾವ್ರೇ ಪೇಟೆಗೆ ಬಂದಾಗ ಬದಲಾಯಿಸ್ಬೋದು."

ಸರ್ವಮಂಗಳಾಳ ಮುಖ ಅರಳಿತು.

"ಪಾಸ್‌ವರ್ಡ್ ಗೊತ್ತಿದ್ದವ್ರು ಏನು ಬೇಕಾದ್ರೂ ಬರೀಬೋದಾ?" ಎಂದರು ಗಂಗಾಧರಪ್ಪ.

"ಬರೀಬೋದು."

"ಹಂಗಾದ್ರೆ ಬೇಡ ಮಾರಾಯ. ಯಾರೂ ಮುಟ್ಟಬಾರ್ದು, ಅಂಥದ್ದು ಮಾಡು."

ಹಗ್ಗ ಕಂಡರೂ ಹಾವೆಂದು ಕೋಲು ಹುಡುಕುವ ಜಾತಿ ಅವರದು. ಕಾಫಿ ಹಣ್ಣು ತೂಗುವ ತಕ್ಕಡಿಗೆ ಬೀಗ. ಯಾರಾದರೂ ಮಾತಾಡಿ ಬಿಲ್ಲು ಏರಿಸಿಯಾರೆಂದು ಮನೆ ಫೋನಿಗೂ ಮರದ ಪೆಟ್ಟಿಗೆ ಮಾಡಿಸಿ ಬೀಗ. ಅದರ ಕೈ ಸದಾ ಅವರ ಜೇಬಿನಲ್ಲಿ. ವೆಬ್‌ಸೈಟಿಗೂ ತಮ್ಮ ಮೊಬೈಲ್ ನಂಬರನ್ನೇ ಕೊಟ್ಟರು. ಅದಕ್ಕೆ ಸಿಗ್ನಲ್ ಸಿಗುತ್ತಿದ್ದದ್ದು ಗುಡ್ಡದ ತುದಿಯ ಬಂಡೆಯ ಮೇಲೆ ಮಾತ್ರ. "ದಿನಾ ಸಂಜೆ ಗುಡ್ಡ ಹತ್ತಿರ್ತೀನಲ್ಲ, ಬೇಕಾದವ್ರು ಆವಾಗ ಮಾಡ್ಲಿ" ಎಂದರು.

ದೀಪಾವಳಿ ಕಳೆಯಿತು, ಕ್ರಿಸ್‌ಮಸ್ ರಜೆಯೂ ಕಳೆಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ಹಾಕಿ ಸರ್ವಮಂಗಳಾಳಿಗೆ ಸಾಕಾಯಿತು. ದಯಾನಂದನೇ ವೆಬ್‌ಸೈಟ್ ತಿದ್ದಿ ಗಿರಾಕಿಗಳನ್ನು ಬಣಕಲ್ಲಿನ ಹೋಂಸ್ಟೇಗಳ ಕಡೆ ತಿರುಗಿಸುತ್ತಿದ್ದಾನೆಂದು ಶಂಕಿಸಿ ಗಂಗಾಧರಪ್ಪ ಜೀಪು ಹತ್ತಿ ಮೂಡಿಗೆರೆಗೆ ಹೋದರು.

ಅವನು ಎದುರಿಗೇ ವೆಬ್‌ಸೈಟ್ ತೆರೆದು ತೋರಿಸಿದ. ಒಂದಕ್ಷರವೂ ಬದಲಾಗಿರಲಿಲ್ಲ.

"ಜನ ಹಗಲು ಫೋನ್ ಮಾಡ್ತಾರೆ ಸರ್. ಸಿಗ್ಲಿಲ್ಲ ಅಂದ್ರೆ ಬೇರೆ ಕಡೆ ಹೋಗ್ತಾರೆ. ಡೈನಮಿಕ್ ಮಾಡ್ಸಿ ಅಕ್ಕಾವ್ರ ಕೈಗೆ ಕೊಟ್ಬಿಡಿ."

"ಅದೊಂದು ಬಿಟ್ಟು ಬೇರೆ ಹೇಳು."

"ಮನೆ ಫೋನ್ ನಂಬರಾದ್ರೂ ಹಾಕ್ಲಾ?"

ಗಂಗಾಧರಪ್ಪ ಜೇಬಿನಲ್ಲಿದ್ದ ಪೆಟ್ಟಿಗೆಯ ಬೀಗದ ಕೈ ಮುಟ್ಟಿ ನೋಡಿಕೊಂಡು ಹೂಂ ಅಂದರು.

ಮುಂದಿನ ವಾರ ಅವರು ಕಾಫಿ ಮಾರಾಟದ ಮಾತಿಗೆಂದು ಚಿಕ್ಕಮಗಳೂರಿಗೆ ಹೋಗಿ ಸಂಜೆ ಹಿಂತಿರುಗಿದಾಗ ಬೀಗ ಹಾಕಿದ ಪೆಟ್ಟಿಗೆಯೊಳಗೆ ಫೋನು ಬಡಿದುಕೊಳ್ಳುತ್ತಿತ್ತು. ಸರ್ವಮಂಗಳಾ ಪೆಟ್ಟಿಗೆಯ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಬೆಳಗ್ಗಿಂದ ಹಿಂಗೇ ಬರ್ತಾ ಇದೆ" ಎಂದಳು.

ಗಂಗಾಧರಪ್ಪ ಗಡಿಬಿಡಿಯಲ್ಲಿ ಜೇಬು ತಡಕಿದರು. ಬೀಗ ತೆಗೆಯುವಷ್ಟರಲ್ಲಿ ಫೋನು ನಿಂತಿತು.

ಆಕೆ ಸೊಂಟದಿಂದ ಕೋಣೆಗಳ ಬೀಗದ ಕೈ ಬಿಚ್ಚಿ ಪೆಟ್ಟಿಗೆಯೊಳಗೆ, ಫೋನಿನ ಪಕ್ಕ ಇಟ್ಟಳು.

"ಇದೊಂದು ನನ್ನ ಹತ್ರ ಉಳ್ದಿತ್ತು. ಇದನ್ನೂ ಸೇರಿಸಿ ಬೀಗ ಹಾಕ್ಕೊಳ್ಳಿ."