ಗುಜರಿಯ ಹಾರ್ನ್

ಕಿಕ್ ಹೊಡೆದು ಹೊಡೆದು ಕಾಲು ಸೋತಾಗ ಜಿತೇಶನ ಬೈಕ್ ಕೊನೆಗೂ ಗುಡುಗಿತು. ಒಂದು ಹಳೆ ಬೈಕಿನ ಎಂಜಿನ್, ಇನ್ನೊಂದರ ಟ್ಯಾಂಕ್, ಗುಜರಿ ಅಂಗಡಿಯ ರಬ್ಬರ್ ಹಾರ್ನ್ ಸೇರಿಸಿ ಅವನೇ ಕಟ್ಟಿದ ಬೈಕ್ ಅದು. ದುಬೈಯ ಕೆಲಸ ಕಳೆದುಕೊಂಡು ತನ್ನೂರು ನರಿಕೊಂಬಿಗೆ ಬಂದಂದಿನಿಂದ ಅವನು ಮನೆಯ ಶೆಡ್ ಬಿಟ್ಟು ಕದಲಿರಲಿಲ್ಲ. ಗೇಟು ದಾಟಿದರೆ ಸಾಕು, "ವಾಪಸು ಯಾವಾಗ?" ಎಂದು ಊರವರು ಕೇಳುತ್ತಿದ್ದರು.

ಖುಷಿ ತಡೆಯಲಾರದೆ ಹಾರ್ನ್ ಅಮುಕಿದ. ಪೋಂ ಪೋಂ!

ಪಕ್ಕದ ಮನೆಯ ಶಶಿಪ್ರಭಕ್ಕ ಪಾತ್ರೆ ಹಿಡಿದು ಓಡಿಬಂದರು, ಹಿಂದೆಯೇ ಅವರ ಬೆಕ್ಕು. "ಬೂತಾಯಿ ಮೀನು ಉಂಟಾ?" ಎಂದವರು ಅವನನ್ನು ಕಂಡು ನಿಂತುಬಿಟ್ಟರು. "ನೀನಾ ಮಾರಾಯ! ಇದು ಬೈಕಲ್ಲಿ ಮೀನು ತರುವವರ ಹಾರ್ನ್ ಅಲ್ವಾ?"

ಇನ್ನು ಅದೇ ಪ್ರಶ್ನೆ ಬರುತ್ತದೆಂದು ಜಿತೇಶ್ ತಲೆ ತಗ್ಗಿಸಿದ. ಬೈಕಿನ ಸೀಟಿನ ಹಿಂದಿದ್ದ ಕ್ಯಾರಿಯರ್ ಕಣ್ಣಿಗೆ ಬಿತ್ತು. ಮೀನಿನ ಬಾಕ್ಸ್ ಒಂದು ಆರಾಮವಾಗಿ ಕೂರುವಷ್ಟು ಅಗಲವಿತ್ತು.

"ಇವತ್ತು ಇಲ್ಲ ಅಕ್ಕ," ಎಂದ. "ನಾಳೆ ತರ್ತೇನೆ."