ರೂತ್ ಆಂಟಿಯ ಕರಿ ಕಲ್ಲು

ಸಮಾಧಿಯ ಮೇಲಿನ ಕಲ್ಲನ್ನು ಕೋತಿಗೆ ಎಸೆದ ಮಹಾವೀರ ನಾನು. ಕತ್ತರಿಸಿದ ಹುಲ್ಲಿನ ವಾಸನೆ ಬಂದರೆ ಈಗಲೂ ಕೈ ಬೆವರುತ್ತದೆ.

ಚಿಕ್ಕವನಿದ್ದಾಗ, ದೆಹಲಿಯ ಆರ್.ಕೆ.ಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ರೂತ್ ಆಂಟಿಯ ಜೊತೆ ಯಹೂದಿಗಳ ಸ್ಮಶಾನಕ್ಕೆ ಹೋಗಿದ್ದೆ. ಅವರು ನೀರು ತರಲು ಹೋದಾಗ ಒಂದು ಸಮಾಧಿಯ ಮೇಲಿದ್ದ ಕಲ್ಲುಗಳನ್ನು ಜೇಬಿಗೆ ತುಂಬಿಕೊಂಡೆ. ನುಣ್ಣಗಿನ ಕರಿಯದೊಂದನ್ನು ಕೋತಿಗೆ ಬೀಸಿದೆ. ಕೋತಿ ಆಕಳಿಸಿತು, ಕಲ್ಲು ಗೋಡೆಯಾಚೆ ಹೋಯಿತು.

"ಇಲ್ಲಿದ್ದ ಕಲ್ಲೆಲ್ಲಿ ಬೇಟಾ?" ನೀರು ಹಿಡಿದು ಬಂದ ಆಂಟಿ ಕೇಳಿದರು.

ದೆಹಲಿಯ ಭೂತಗಳೆಲ್ಲ ನನ್ನ ಬೆನ್ನ ಹಿಂದೆ ಸಾಲಾಗಿ ನಿಂತಂತಾಯಿತು. ಜೇಬು ಖಾಲಿ ಮಾಡಿದೆ. ಆಂಟಿ ಒಂದೊಂದನ್ನೇ ಒರೆಸಿಟ್ಟು, ಕತ್ತರಿಸಿದ ಹುಲ್ಲಿನಲ್ಲಿ ಮತ್ತೇನನ್ನೋ ತಡಕಿದರು.

"ಇವನು ನನ್ನ ಮಾಮ. ಪೋಲೆಂಡಿನಿಂದ ಬಂದು ಇಲ್ಲಿ ಇಟ್ಟಿಗೆ ಹೊತ್ತ. ಆಮೇಲೆ ಸೈನ್ಯ ಸೇರಿ ಯುದ್ಧದಲ್ಲಿ ಸತ್ತ. ನೋಡೋಕೆ ಬಂದವರು ಒಂದೊಂದು ಕಲ್ಲು ಇಟ್ಟು ಹೋಗ್ತೀವಿ. ಕರಿಯದು ನನ್ನಮ್ಮ ಇಟ್ಟಿದ್ದು. ಹೋದ ವರ್ಷ ತೀರಿಕೊಂಡಳು. ಇನ್ನೊಂದು ಇಡೋಕೆ ಅವಳು ಬರಲ್ಲ."