ಬರಿಬಟ್ಟಲು

ಸಕ್ಕರೆ ಕಾಯಿಲೆಯಿಂದ ನಿಮ್ಮನ್ನು ಕಾಪಾಡುತ್ತಿರುವ ಆಹಾರಪಟ್ಟಿ ಯಾರ ಕಾಲನ್ನು ಬಲಿಗೊಟ್ಟು ಸಿದ್ಧವಾಯಿತೆಂದು ಎಂದಾದರೂ ಕೇಳಿದಿರಾ?

ಪೋಷಣಾ ಸಂಶೋಧನಾಲಯವು ನಮ್ಮ ಬೀದಿಯಲ್ಲಿ ನಾವಿರುವ ಎಡಸಾಲಿನ ಮನೆಗಳಿಗೆ ರಾಗಿ, ಸೊಪ್ಪು, ಕಾಳು ಕೊಡುತ್ತದೆ. ಬಲಸಾಲಿಗೆ, ಹೋಲಿಕೆಗೆಂದು, ಇಪ್ಪತ್ತು ವರ್ಷಗಳಿಂದ ಬರೀ ಪಾಲಿಶ್ ಅಕ್ಕಿ ಮತ್ತು ಸಕ್ಕರೆ. ಸಾಲು ದಾಟಿಸಿ ಊಟ ಕೊಡುವುದು ಅಪರಾಧ.

ಎದುರುಮನೆಯ ಸಣ್ಣಮ್ಮಣ್ಣಿಯವರು ಸಕ್ಕರೆ ಕಾಯಿಲೆಗೆ ಒಂದು ಕಾಲು ಕಳೆದುಕೊಂಡಿದ್ದಾರೆ. ನಿನ್ನೆ ಅವರು ನಮಗೆ ಹೂವು ಕಳುಹಿಸಿದ್ದ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಲು ಮನಸ್ಸು ಒಪ್ಪದೆ, ಅದರಲ್ಲಿ ರಾಗಿಮುದ್ದೆ ಇಟ್ಟು ಒಯ್ದೆ. ಬೀದಿಯ ನಡುವೆ ತನಿಖಾಧಿಕಾರಿ ಬಟ್ಟಲು ಕಿತ್ತುಕೊಂಡ.

"ಮೇಷ್ಟ್ರೇ, ಫಲಿತಾಂಶ ಕೆಡುತ್ತೆ."

"ಅದು ಹತ್ತು ವರ್ಷದ ಹಿಂದೇನೇ ಬಂತಲ್ಲಯ್ಯ!"

"ಖಚಿತ ಆಗ್ಬೇಕಲ್ಲ ಸಾರ್."

ಹೊಸಿಲಲ್ಲಿ ಕುಳಿತಿದ್ದ ಸಣ್ಣಮ್ಮಣ್ಣಿಯವರು ನಕ್ಕರು: "ಇನ್ನೊಂದು ಕಾಲೈತಲ್ಲಪ್ಪ, ಅದ್ನೂ ತಗೊಂಡೋಗಿ ಖಚಿತ ಮಾಡ್ಕೊ."

ಓದುಗರೇ, ನಾಳೆಯೇ ಬಲಸಾಲಿಗೆ ಬನ್ನಿ. ದಯವಿಟ್ಟು ಬರಿಗೈಯಲ್ಲಿ ಬರಬೇಡಿ.